ಮೊರಾವಿಯಾ ಚಿತ್ರಮಂದಿರದ ನರ್ಸ್

ಬಾಯ್ಸಿ, ಐಡಾಹೊ
4 ಫೆಬ್ರವರಿ 1986

ಎಲ್ಕ್‌ಫರ್ಡ್ ಗ್ರಂಥಾಲಯದವರಿಗೆ,

ಕ್ರಿಸ್‌ಮಸ್‌ಗೆಂದು ನನ್ನ ಚಿಕ್ಕಮ್ಮನ ಮಗಳು ಲಿಂಕನ್‌ನಿಂದ ಕಳಿಸಿದ ಪೆಟ್ಟಿಗೆಯಲ್ಲಿ ಗಾಜಿನ ಬಟ್ಟಲುಗಳಿಗೆ ನಿಮ್ಮೂರಿನ ಪತ್ರಿಕೆಯ ಹಾಳೆ ಸುತ್ತಿತ್ತು. ಅದರಲ್ಲಿ ನಿಮ್ಮ ಪ್ರಕಟಣೆ ಓದಿದೆ. ಮೊರಾವಿಯಾ ಚಿತ್ರಮಂದಿರವನ್ನು ಈ ಬೇಸಿಗೆಯ ಕೊನೆಗೆ ಕೆಡವುತ್ತಾರೆಂದೂ, ಅಲ್ಲಿ ಮತ್ತು ಹೆದ್ದಾರಿ ಪಕ್ಕದ, ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್‌ನಲ್ಲಿ ದೆವ್ವ ಭೂತಗಳ ಸಿನಿಮಾ ನೋಡಿ ಬೆಳೆದವರು ತಮ್ಮ ನೆನಪುಗಳನ್ನು ಬರೆದು ಕಳಿಸಬೇಕೆಂದೂ ಇತ್ತು. ಆ ಹಾಳೆಯನ್ನು ಆರು ವಾರ ಹೊಲಿಗೆ ಯಂತ್ರದ ಖಾನೆಯಲ್ಲಿ ಇಟ್ಟುಕೊಂಡಿದ್ದೆ.

ನಾನು ನಿಮ್ಮೂರಿನವಳೇ. ಹದಿನೆಂಟು ವರ್ಷ ಅಲ್ಲಿದ್ದೆ. ಡ್ರೈವ್-ಇನ್ ಎಂದರೆ ನನಗೆ ನೆನಪಾಗುವುದು ಅಪ್ಪನ ಟ್ರಕ್ಕು. ಅಪ್ಪ ಅದನ್ನು ಪರದೆಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದ. ನಾನೂ ಅಣ್ಣನೂ ಹಿಂದೆ ಆಲೂಗಡ್ಡೆ ಚೀಲಗಳ ಮೇಲೆ ಒಂದೇ ಕಂಬಳಿ ಹೊದ್ದು ಕೂರುತ್ತಿದ್ದೆವು. ಜೌಗಿನಿಂದ ಭೂತ ಮೇಲೇಳುವ ಹೊತ್ತಿಗೆ ಸರಿಯಾಗಿ ಅಣ್ಣ ಜೋಳದ ತೆನೆಯ ನೂಲನ್ನು ನನ್ನ ಕತ್ತಿನ ಹಿಂದೆ ಆಡಿಸುತ್ತಿದ್ದ. ನಾನು ಕಿರುಚಿದರೆ ಅಕ್ಕಪಕ್ಕದ ಕಾರಿನವರೂ ಕಿರುಚುತ್ತಿದ್ದರು. ಅಪ್ಪ ಮಾತ್ರ ಮುಂದಿನ ಸೀಟಿನಲ್ಲಿ ಒಳ್ಳೆಯ ನಿದ್ದೆಯಲ್ಲಿರುತ್ತಿದ್ದ. ಪರದೆಯ ಹಿಂದಿನ ಹೊಲದಲ್ಲಿ ಯಾರದೋ ಹಸು ಕೂಗಿದರೆ ಅದೂ ಸಿನಿಮಾದೊಳಗಿನದೇ ಅನ್ನಿಸುತ್ತಿತ್ತು. ಇಷ್ಟನ್ನು ನೀವು ಅಚ್ಚು ಹಾಕಿಸಬಹುದು.

ಮುಂದಿನದನ್ನು ಹಾಕಿಸಬೇಡಿ.

1958ರ ಬೇಸಿಗೆಯಲ್ಲಿ ನಾನು ಮೊರಾವಿಯಾದಲ್ಲಿ ಕೆಲಸಕ್ಕಿದ್ದೆ. ಸೆಪ್ಟೆಂಬರ್‌ನಲ್ಲಿ ಒಮಾಹಾದ ನರ್ಸಿಂಗ್ ಶಾಲೆಗೆ ಸೇರುವವಳಿದ್ದೆ, ಅಲ್ಲಿಯವರೆಗೆ ಟಿಕೆಟ್ ಹರಿಯುವ ಕೆಲಸ. ಆ ಜುಲೈನಲ್ಲಿ ಮಾಲೀಕ ಟೋಬಿನ್ ಒಂದು ಭಯಂಕರ ಸಿನಿಮಾ ತಂದ. ಬಾಗಿಲಲ್ಲಿ ಫಲಕ ಹಾಕಿಸಿದ: ಎದೆ ಗಟ್ಟಿಯಿಲ್ಲದವರಿಗಾಗಿ ನರ್ಸ್ ಸದಾ ಸಿದ್ಧ. ಆ ನರ್ಸ್ ನಾನೇ. ಬಿಳಿ ಉಡುಪು, ಬಿಳಿ ಟೋಪಿ, ಪಕ್ಕದಲ್ಲಿ ಒಂದು ಮಡಚುವ ಮಂಚ. ಟೋಬಿನ್ ನನಗೆ ಕಲಿಸಿದ್ದು ಇಷ್ಟೇ: "ಯಾರಾದ್ರೂ ಹೊರಗೆ ಬಂದ್ರೆ ನಾಡಿ ಹಿಡ್ಕೋ, ಗಡಿಯಾರ ನೋಡು, ನಗಿಸಿ ಒಳಗೆ ಕಳಿಸು."

ಒಂದು ಭಾನುವಾರ ಮಧ್ಯಾಹ್ನದ ಆಟದಲ್ಲಿ ಕಂದು ಸೂಟು ಹಾಕಿದ್ದ ಒಬ್ಬರು ಹೊರಗೆ ಬಂದರು. ಐವತ್ತರ ಹತ್ತಿರದ ವಯಸ್ಸು, ಮುಖವೆಲ್ಲ ಬೆವರು. "ನರ್ಸಮ್ಮ, ಇಲ್ಲಿ ಹಿಡ್ಕೊಂಡ ಹಾಗಾಗ್ತಿದೆ" ಎಂದು ಎದೆಯ ಕೆಳಗೆ ಕೈ ಇಟ್ಟುಕೊಂಡರು. ನಾನು ನಾಡಿ ಹಿಡಿದೆ. ಅದು ಎಷ್ಟು ಜೋರಾಗಿ ಓಡುತ್ತಿತ್ತೆಂದರೆ ಎಣಿಸಲಾಗಲಿಲ್ಲ. ಎಣಿಸಲು ನನಗೆ ಬರುತ್ತಲೂ ಇರಲಿಲ್ಲ. ಪಾಪ್‌ಕಾರ್ನ್ ಸಾಲಿನಲ್ಲಿ ನಿಂತ ಹತ್ತಾರು ಜನ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದೆ, "ನಿಮ್ಮ ಎದೆ ಕಬ್ಬಿಣದ್ದು ಸಾರ್. ಮುಂದಿನ ರೀಲು ಇನ್ನೂ ಭಯಂಕರವಾಗಿದೆ, ತಪ್ಪಿಸ್ಕೋಬೇಡಿ." ಎಲ್ಲರೂ ನಕ್ಕರು. ಅವರೂ ನಕ್ಕು ಒಳಗೆ ಹೋದರು.

ಸಿನಿಮಾ ಮುಗಿದರೂ ಅವರು ಸೀಟಿನಿಂದ ಏಳಲಿಲ್ಲ. ಆಗ ನಮ್ಮೂರಿನಲ್ಲಿ ಹೆಣ ಸಾಗಿಸುವ ಕಪ್ಪು ಕಾರೇ ರೋಗಿಗಳನ್ನೂ ಒಯ್ಯುತ್ತಿತ್ತು, ಅದು ನನಗೆ ಗೊತ್ತಿತ್ತು. ಆದರೆ ಅವರನ್ನು ಹೊರಗೆ ಒಯ್ಯುವಾಗ ಮುಖದ ಮೇಲೆ ಕೋಟು ಮುಚ್ಚಿದ್ದರು. ಅದನ್ನು ನಾನು ಕಣ್ಣಾರೆ ನೋಡಿದೆ. ಮರುದಿನವೇ ಅಣ್ಣನ ಜೊತೆ ಐಡಾಹೊಗೆ ಹೊರಟು ಬಂದೆ. ನರ್ಸಿಂಗ್ ಶಾಲೆಗೆ ಬರುವುದಿಲ್ಲವೆಂದು ಬರೆದು ಹಾಕಿದೆ.

ಆಮೇಲೂ ಬಹಳ ಭಯಂಕರ ಸಿನಿಮಾಗಳಿಗೆ ಹೋಗಿದ್ದೇನೆ. ನನ್ನ ಗಂಡನಿಗೆ ಅವು ಇಷ್ಟ. ಆದರೆ ಒಂದರ ಕಥೆಯೂ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ನೋಡುವವರ ಮುಖಗಳು ಮಾತ್ರ.

ಅವರು ಯಾರು, ಎಲ್ಲಿ ಮಣ್ಣು ಮಾಡಿದರು ಎಂದು ತಿಳಿದಿದ್ದರೆ ದಯವಿಟ್ಟು ಬರೆಯಿರಿ. ಹೂವು ಕಳಿಸಬೇಕು. ನನ್ನ ಹೆಸರನ್ನು ಅವರ ಮನೆಯವರಿಗೆ ಹೇಳಬೇಡಿ.

ಇಂತಿ,
ಅಡೀಲಾ ಟಿಲ್ಮನ್
(ಆಗ ಅಡೀಲಾ ವೊಂದ್ರಾ)


ಎಲ್ಕ್‌ಫರ್ಡ್, ನೆಬ್ರಾಸ್ಕಾ
11 ಫೆಬ್ರವರಿ 1986

ಅಡೀಲಾ,

ಪ್ರಕಟಣೆಯ ಕೆಳಗಿದ್ದ ಎಂ. ಡೋಲೆಜಲ್ ಯಾರೆಂದು ನಿನಗೆ ಹೊಳೆದಿಲ್ಲ. ಹೊಳೆದಿದ್ದರೆ ನೀನು ಬರೆಯುತ್ತಲೇ ಇರಲಿಲ್ಲ. ಡೋಲೆಜಲ್ ನನ್ನ ಗಂಡನ ಮನೆಯ ಹೆಸರು. ಎಂ. ಎಂದರೆ ಮಿಲಾಡಾ. ಮೊರಾವಿಯಾದ ಗಾಜಿನ ಗೂಡಿನಲ್ಲಿ ಕೂತು ಟಿಕೆಟ್ ಮಾರುತ್ತಿದ್ದ ನಿನ್ನ ಮಿಲ್ಲಿ ಕುಬಿಕ್.

ಹೂವು ಕಳಿಸಬೇಡ. ಅವರನ್ನು ಎಲ್ಲೂ ಮಣ್ಣು ಮಾಡಿಲ್ಲ. ಅವರ ಹೆಸರು ಎಮಿಲ್ ಸ್ಲಾಮಾ. ಎಪ್ಪತ್ತೈದು ವರ್ಷ. ಕಳೆದ ಗುರುವಾರ ಗ್ರಂಥಾಲಯಕ್ಕೆ ಬಂದು ಜೇನು ಸಾಕಣೆಯ ಪುಸ್ತಕವೊಂದನ್ನು ಮೂರನೆಯ ಸಲ ಒಯ್ದರು.

ಇನ್ನೂ ಬರೆಯುವುದಿದೆ. ಆದರೆ ಇದು ಇವತ್ತಿನ ಟಪಾಲಿಗೇ ಹೋಗಬೇಕು.

ಮಿಲ್ಲಿ


ಬಾಯ್ಸಿ
9 ಮಾರ್ಚ್ 1986

ಮಿಲ್ಲಿ,

ನಾಲ್ಕು ಕಾಗದ ಬರೆದು ಹರಿದು ಹಾಕಿದೆ. ನಿನ್ನದು ಬಂದ ದಿನ ನಾನು ಅಂಗಡಿಯಲ್ಲಿ ಮದುವೆಯ ಉಡುಪೊಂದರ ಅಂಚು ಹೊಲಿಯುತ್ತಿದ್ದೆ. ಓದಿ, ಕಾಗದ ಮಡಚಿ, ಅಂಚು ಹೊಲಿದು ಮುಗಿಸಿದೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಇಸ್ತ್ರಿ ಮೇಜಿನ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ. ಏಳಲು ಬಹಳ ಹೊತ್ತು ಹಿಡಿಯಿತು.

ನೀನು ಹೇಳುತ್ತಿರುವುದು ಅದೇ ಮನುಷ್ಯನ ವಿಷಯವೇ? ಕಂದು ಸೂಟು, ಬಲಗಡೆಯ ಹುಬ್ಬಿನಲ್ಲಿ ಒಂದು ಗಾಯದ ಗುರುತು. ಮುಖ ಮುಚ್ಚಿದ್ದನ್ನು ನಾನು ನೋಡಿದ್ದೇನೆ. ಬದುಕಿರುವವರ ಮುಖವನ್ನು ಯಾರು ಮುಚ್ಚುತ್ತಾರೆ? ನನ್ನನ್ನು ಸಮಾಧಾನ ಮಾಡಲು ನೀನು ಇಂಥದ್ದನ್ನು ಹೇಳುವವಳಲ್ಲ ಎಂದು ಗೊತ್ತು. ಆದರೂ ಕೇಳಬೇಕು.

ಅವರೇ ಆಗಿದ್ದರೆ ಇನ್ನೊಂದು ಪ್ರಶ್ನೆ. ಇಪ್ಪತ್ತೆಂಟು ವರ್ಷ ನನಗೆ ಯಾಕೆ ಯಾರೂ ಹೇಳಲಿಲ್ಲ? ಅಪ್ಪನೂ ಮರುವರ್ಷ ಇಲ್ಲಿಗೇ ಬಂದುಬಿಟ್ಟ. ಅವನಿಗೆ ನಾನು ಏನನ್ನೂ ಹೇಳಿರಲಿಲ್ಲ, ಹಾಗಾಗಿ ಅವನ ತಪ್ಪಿಲ್ಲ. ನನ್ನ ಗಂಡ ಲಾಯ್ಡ್‌ಗೂ ಹೇಳಿಲ್ಲ. ಹೇಳಬೇಕಾದವಳು ನೀನೊಬ್ಬಳೇ ಇದ್ದೆ. ನಿನಗೆ ನನ್ನ ವಿಳಾಸ ಗೊತ್ತಿತ್ತು.

ಒಂದು ಗಳಿಗೆ ಹಗುರ ಅನ್ನಿಸುತ್ತದೆ. ಮರುಗಳಿಗೆ ಒಮಾಹಾದ ಶಾಲೆ ನೆನಪಾಗುತ್ತದೆ, ಆಗ ಯಾರನ್ನು ಬೈಯಬೇಕೆಂದು ತಿಳಿಯುವುದಿಲ್ಲ.

ಅಡೀಲಾ


ಎಲ್ಕ್‌ಫರ್ಡ್
17 ಮಾರ್ಚ್ 1986

ಅಡೀಲಾ,

ಹುಬ್ಬಿನ ಗಾಯ ಸರಿ. ಕುದುರೆ ಒದ್ದದ್ದು. ಅವರೇ.

ಆ ದಿನ ಸುರಿಯುತ್ತಿದ್ದ ಮಳೆ ನಿನಗೆ ನೆನಪಿಲ್ಲವೇ? ನೀನು ಒಳಗೆ ಮಂಚದ ಹತ್ತಿರ ನಿಂತಿದ್ದೆ. ನಾನು ಬೀದಿಗೆ ಮುಖ ಮಾಡಿ ಗೂಡಿನಲ್ಲಿದ್ದೆ. ಗುಡುಗು ಮಳೆ ಬಂದು ಹತ್ತು ನಿಮಿಷದಲ್ಲಿ ಬೀದಿ ಹೊಳೆಯಾಗಿತ್ತು. ಬಾಗಿಲು ದಾಟುವಾಗ ಅವರ ಹೆಂಡತಿ ಆಗ್ನೆಸ್ ತನ್ನ ಕೋಟು ಕಳಚಿ ಅವರ ಮುಖಕ್ಕೆ ಹಿಡಿದಳು, ಮೂಗಿಗೆ ನೀರು ಹೋಗದಿರಲೆಂದು. ಕಾರಿನೊಳಗೆ ಹಾಕುವಾಗ ಅವರು ಕೋಟಿನ ಕೆಳಗಿನಿಂದ "ನನ್ನ ಟೋಪಿ ಎಲ್ಲಿ?" ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ನಿನಗೆ ಹೇಳೋಣವೆಂದು ತಿರುಗಿದೆ. ನೀನಿರಲಿಲ್ಲ. ಬಿಳಿ ಟೋಪಿ ಮಂಚದ ಮೇಲಿತ್ತು, ಹಿಂಬಾಗಿಲು ತೆರೆದಿತ್ತು.

ಅದು ಎದೆಯ ನೋವೂ ಆಗಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಇನ್ನು ನಿನ್ನ ಪ್ರಶ್ನೆ. ಇದೆಲ್ಲವನ್ನೂ ನಾನು ಆಗಸ್ಟ್‌ನಲ್ಲೇ ಬರೆದೆ. ಕಾಗದ ತೆರೆಯದೆ ವಾಪಸ್ಸು ಬಂತು, ಮೇಲೆ "ತೆಗೆದುಕೊಳ್ಳುವುದಿಲ್ಲ" ಎಂದು ನಿನ್ನದೇ ಅಕ್ಷರ. ಅಕ್ಟೋಬರ್‌ನಲ್ಲಿ ಮತ್ತೊಂದು ಬರೆದೆ. ಅದೂ ಹಾಗೆಯೇ. ಮೂರನೆಯದು ಬರೆಯಲಿಲ್ಲ. ಅದಕ್ಕೆ ಕಾರಣ ಹೇಳುತ್ತೇನೆ. ಹೇಳಿದ ಮೇಲೆ ನೀನು ನನ್ನನ್ನು ಏನು ಬೇಕಾದರೂ ಅನ್ನು.

ಟೋಬಿನ್ ನರ್ಸ್ ಉಡುಪು ಕೊಟ್ಟದ್ದು ಮೊದಲು ನನಗೆ. ಆ ಗಂಜಿ ಹಾಕಿದ ಬಟ್ಟೆ ತೊಟ್ಟು ಊರವರ ಮುಂದೆ ಕೋಡಂಗಿಯಾಗುವುದು ನನಗೆ ಬೇಡವಾಗಿತ್ತು. ಗಾಜಿನ ಗೂಡಿನಲ್ಲಿ ಕೂತರೆ ಫ್ರಾಂಕ್ ಡೋಲೆಜಲ್ ದಿನಾ ಬಂದು ನನ್ನ ಹತ್ತಿರವೇ ಟಿಕೆಟ್ ಕೊಳ್ಳುತ್ತಿದ್ದ. ಅದಕ್ಕೇ ನಾನು ಟೋಬಿನ್‌ಗೆ ಹೇಳಿದೆ, "ಅಡೀಲಾ ಹೇಗೂ ನರ್ಸ್ ಆಗೋಳು, ಅವಳಿಗೇ ಹಾಕ್ಸಿ." ಇದು ನಿನಗೆ ಹೇಗೋ ಗೊತ್ತಾಗಿ, ನನ್ನ ಮೇಲಿನ ಸಿಟ್ಟಿಗೆ ಕಾಗದ ವಾಪಸ್ಸು ಮಾಡುತ್ತಿದ್ದೀ ಎಂದು ನಾನು ತಿಳಿದೆ. ನ್ಯಾಯವೇ ಎಂದುಕೊಂಡು ಸುಮ್ಮನಾದೆ. ಬದುಕಿರುವ ಮನುಷ್ಯನನ್ನು ನೀನು ಸತ್ತನೆಂದು ಹೊತ್ತುಕೊಂಡು ತಿರುಗುತ್ತಿದ್ದೀ ಎಂದು ನನಗೆ ಹೇಗೆ ಗೊತ್ತಾಗಬೇಕು?

ಸ್ಲಾಮಾ ಅವರಿಗೆ ನಿನ್ನ ಕಾಗದದ ವಿಷಯ ಹೇಳಿದೆ. ನೀನು ಹೇಳಬೇಡ ಅಂದಿದ್ದೆ, ಆದರೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ನಿನ್ನ ವಿಳಾಸ ಕೇಳಿದರು.

ಮಿಲ್ಲಿ


ಎಲ್ಕ್‌ಫರ್ಡ್ ಪೂರ್ವ ರಸ್ತೆ
2 ಏಪ್ರಿಲ್ 1986

ಶ್ರೀಮತಿ ಟಿಲ್ಮನ್ ಅವರಿಗೆ,

ನನ್ನ ಇಂಗ್ಲಿಷ್ ಬರವಣಿಗೆ ಅಷ್ಟಕ್ಕಷ್ಟೇ. ಮನೆಯಲ್ಲಿ ಚೆಕ್ ಮಾತಾಡಿ ಬೆಳೆದವನು. ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಆ ದಿನ ನನ್ನ ನಾದಿನಿಯ ಮದುವೆಯ ಊಟ ಇತ್ತು. ಬಾತುಕೋಳಿ, ಹಿಟ್ಟಿನ ಉಂಡೆ, ಹುಳಿ ಕೋಸು, ಮೇಲೆ ಗಸಗಸೆಯ ಸಿಹಿ ರೊಟ್ಟಿ. ಎಷ್ಟು ತಿಂದೆ ಎಂದು ಬರೆಯಲು ನಾಚಿಕೆ. ಊಟದ ಮೇಲೆ ಹುಡುಗರೆಲ್ಲ ಸಿನಿಮಾಕ್ಕೆ ಎಳೆದುಕೊಂಡು ಹೋದರು. ಹೋಗುವ ಮೊದಲೇ ನೋವು ಶುರುವಾಗಿತ್ತು. ಆಗ್ನೆಸ್ ಮನೆಗೆ ಹೋಗೋಣ ಅಂದಳು. ನನ್ನ ತಾಯಿ ಡಾಕ್ಟರ ಹತ್ತಿರ ಹೋಗು ಅಂದಳು. ಆ ವರ್ಷ ಅದು ನಾಲ್ಕನೆಯ ಸಲ ಬಂದ ನೋವು. ಹೆತ್ತ ತಾಯಿಯ ಮಾತು ಕೇಳದವನು, ಟೋಪಿ ಹಾಕಿಕೊಂಡ ಹುಡುಗಿಯ ಮಾತು ಕೇಳುತ್ತಿದ್ದೆನೇ? ನೀವು ಆಸ್ಪತ್ರೆಗೆ ಹೋಗಿ ಅಂದಿದ್ದರೂ ನಾನು ನಕ್ಕು ಒಳಗೇ ಹೋಗುತ್ತಿದ್ದೆ. ಆ ರಾಕ್ಷಸ ಹಡಗು ಮುಳುಗಿಸುತ್ತಾನೋ ಇಲ್ಲವೋ ನೋಡಬೇಕಿತ್ತು.

ಒಂದು ಮಾತು ಹೇಳಬೇಕು. ನೀವು ನನ್ನ ಕೈ ಹಿಡಿದಾಗ ನಿಮ್ಮ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ಪಾಪ, ಈ ಹುಡುಗಿಗೆ ಸಿನಿಮಾ ಕಂಡರೆ ಭಯ, ಆದರೂ ಇಲ್ಲೇ ಕೆಲಸಕ್ಕೆ ಇಟ್ಟಿದ್ದಾರೆ ಎಂದುಕೊಂಡೆ. ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮನ್ನು ಕೇಳಿಕೊಂಡು ಮೊರಾವಿಯಾಕ್ಕೆ ಹೋಗಿದ್ದೆ. ಕೆಲಸ ಬಿಟ್ಟಳು ಅಂದರು. ಹುಡುಗಿಯರು ಕೆಲಸ ಬಿಡುತ್ತಾರೆ, ಅದರಲ್ಲೇನು ಎಂದು ವಾಪಸ್ಸು ಬಂದೆ. ಇನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೆ ನನಗೆ ಬೇಸರವಿದೆ.

ಆಗ್ನೆಸ್ ತೀರಿಕೊಂಡು ಆರು ವರ್ಷ. ಒಬ್ಬನೇ ಸಿನಿಮಾಕ್ಕೆ ಹೋಗುವುದು ಸರಿ ಅನ್ನಿಸುವುದಿಲ್ಲ. ಮೇ ಕೊನೆಗೆ ಡ್ರೈವ್-ಇನ್ ತೆರೆಯುತ್ತಾರೆ. ನೀವು ಬಂದರೆ ನನ್ನ ಟ್ರಕ್ಕು ಇದೆ. ಮಿಲ್ಲಿಯೂ ಬರುತ್ತಾಳಂತೆ.

ನಿಮ್ಮ ವಿಶ್ವಾಸಿ,
ಎಮಿಲ್ ಸ್ಲಾಮಾ


ಎಲ್ಕ್‌ಫರ್ಡ್, ಮಿಲ್ಲಿಯ ಮನೆ
11 ಜೂನ್ 1986

ಲಾಯ್ಡ್,

ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಇವರ ಫೋನು ಅಡುಗೆಮನೆಯ ನಡುವೆ ಇದೆ. ನಿನ್ನ ಎದುರು ಕೂತು ಹೇಳಲೂ ನನ್ನಿಂದ ಆಗಲಿಲ್ಲ, ಇಪ್ಪತ್ತೈದು ವರ್ಷ ಆಗಲಿಲ್ಲ. ಹಳೆಯ ಗೆಳತಿಯ ಜೊತೆ ಸೇರಿ ಚಿತ್ರಮಂದಿರದ ಸಾಮಾನು ವಿಂಗಡಿಸಲು ಹೋಗುತ್ತೇನೆಂದು ಹೇಳಿ ಬಂದೆ. ಅದು ಸುಳ್ಳಲ್ಲ. ಪೂರ್ತಿಯೂ ಅಲ್ಲ.

ನಾನು ಹದಿನೆಂಟರಲ್ಲಿ ಮೊರಾವಿಯಾದಲ್ಲಿ ನರ್ಸ್ ವೇಷ ಹಾಕಿ ನಿಂತಿದ್ದೆ. ಎದೆ ಹಿಡಿದುಕೊಂಡು ಬಂದ ಒಬ್ಬರನ್ನು ತಮಾಷೆ ಮಾಡಿ ಒಳಗೆ ಕಳಿಸಿದೆ. ಅವರು ಸತ್ತರೆಂದು ತಿಳಿದು ಊರು ಬಿಟ್ಟೆ, ಮಿಲ್ಲಿಯ ಕಾಗದಗಳನ್ನೂ ಅದೇ ಭಯಕ್ಕೆ ತೆರೆಯದೆ ವಾಪಸ್ಸು ಕಳಿಸಿ ಮರೆತೆ. ನರ್ಸ್ ಆಗುವವಳು ಆಗಲಿಲ್ಲ. ಈ ಫೆಬ್ರವರಿಯಲ್ಲಿ ಗೊತ್ತಾಯಿತು, ಅವರು ಸತ್ತಿರಲಿಲ್ಲ. ಅವರಿಗೆ ಅಜೀರ್ಣ ಮತ್ತು ಪಿತ್ತಕೋಶದ ಕಲ್ಲು. ಲಾಯ್ಡ್, ಇಷ್ಟೇ ವಿಷಯ. ಬರೆದರೆ ನಾಲ್ಕು ಸಾಲು.

ಮಿಲ್ಲಿ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಇಬ್ಬರ ಕೂದಲೂ ನರೆತಿದೆ, ಆದರೂ ದೂರದಿಂದಲೇ ಗುರುತು ಸಿಕ್ಕಿತು. ಮೊದಲ ದಿನ ನಾವು ಹವೆಯ ವಿಷಯ, ರೊಟ್ಟಿಯ ವಿಷಯ ಮಾತ್ರ ಮಾತಾಡಿದೆವು. ಎರಡನೆಯ ದಿನ ಪಾತ್ರೆ ತೊಳೆಯುತ್ತಾ ಅವಳು ನನ್ನ ಕಡೆ ನೋಡದೆ ಕೇಳಿದಳು, "ನನ್ನ ಮೇಲೆ ಸಿಟ್ಟಿದೆಯೇನೇ?" ಇದೆ ಅಂದೆ. "ನನಗೂ ನಿನ್ನ ಮೇಲಿದೆ" ಅಂದಳು. ಆಮೇಲೆ ಇಬ್ಬರಿಗೂ ನಗು ಬಂತು, ನಗುತ್ತಾ ನಗುತ್ತಾ ಅವಳು ಅತ್ತಳು. ಆ ಉಡುಪು ಯಾರು ಹಾಕಿಕೊಂಡಿದ್ದರೂ ಅವತ್ತು ಹೇಳುವ ಮಾತು ಅದೇ ಆಗಿರುತ್ತಿತ್ತು ಎಂದು ನಾನು ಅವಳಿಗೆ ಹೇಳಿದೆ. ಅದನ್ನು ನನಗೂ ಹೇಳಿಕೊಂಡೆ.

ಸ್ಲಾಮಾ ಅವರನ್ನು ಕಂಡೆ. ಬಾಗಿಲಿಗೆ ಬಂದವರು ತುಂಬು ಮನುಷ್ಯ, ಕಿವಿ ಸ್ವಲ್ಪ ಮಂದ. ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ಮಾತು ಶುರು ಮಾಡುವ ಮೊದಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನೋಡಮ್ಮ, ಬಿಸಿಯಾಗಿದೀನಿ ತಾನೆ?" ಎಂದು ಕೇಳಿದರು. ಬಿಸಿಯಾಗಿದ್ದರು.

ಶನಿವಾರ ಮೂವರೂ ಡ್ರೈವ್-ಇನ್‌ಗೆ ಹೋದೆವು. ಬೆಳಕು ಪೂರ್ತಿ ಆರುವ ಮೊದಲೇ ಸಿನಿಮಾ ಶುರುವಾಯಿತು, ಮೊದಲ ಹತ್ತು ನಿಮಿಷ ರಾಕ್ಷಸ ತಿಳಿನೀರಿನ ಹಾಗೆ ಕಂಡ. ರಬ್ಬರಿನ ಮುಖ, ಬೆನ್ನಿನಲ್ಲಿ ಹೊಲಿಗೆ ಕಾಣುತ್ತದೆ. ಹೊಲಿದವರು ದಾರ ಸರಿಯಾಗಿ ಎಳೆದಿಲ್ಲ. ಅರ್ಧದಲ್ಲಿ ಸ್ಲಾಮಾ ಗೊರಕೆ ಹೊಡೆಯತೊಡಗಿದರು. ನಾನು ಕೊನೆಯವರೆಗೂ ಪರದೆಯನ್ನೇ ನೋಡಿದೆ. ಕೊನೆಗೆ ಊರವರೆಲ್ಲ ರಾಕ್ಷಸನನ್ನು ಸುಣ್ಣದ ಗುಂಡಿಗೆ ಕೆಡವುತ್ತಾರೆ. ಒಂದು ಕಥೆ ಹೀಗೆ ಮುಗಿಯುತ್ತದೆ ಎಂದು ನನಗೆ ಗೊತ್ತಾಗಿದ್ದು ಅವತ್ತೇ ಮೊದಲು.

ನಾವು ಮದುವೆಗೆ ಮುಂಚೆ ಡ್ರೈವ್-ಇನ್‌ಗೆ ಹೋಗುತ್ತಿದ್ದಾಗ ನಾನು ಕಾರಿನ ಬಾಗಿಲ ಕಡೆ ಸರಿದು, ಕತ್ತು ತಿರುಗಿಸಿ ಹಿಂದಿನ ಕಾರುಗಳನ್ನು ನೋಡುತ್ತಿದ್ದೆನಲ್ಲ, ಅದು ಇದಕ್ಕೇ. ಯಾರಾದರೂ ಎದೆ ಹಿಡಿದುಕೊಂಡು ಇಳಿಯುತ್ತಾರೇನೋ ಎಂದು. ಮಕ್ಕಳು ಹುಟ್ಟಿದ ಮೇಲೂ ಅದೇ. ನೀನು ಯಾವತ್ತೂ ಯಾಕೆಂದು ಕೇಳಲಿಲ್ಲ. ಕೇಳದಿದ್ದುದಕ್ಕೆ ಆಗ ನನಗೆ ನಿನ್ನ ಮೇಲೆ ಎಷ್ಟು ಕೃತಜ್ಞತೆಯಿತ್ತೋ ಹೇಳಲಾರೆ.

28ರ ಬಸ್ಸಿಗೆ ಹೊರಡುತ್ತೇನೆ. ನಾಯಿಗೆ ಮಾತ್ರೆ ಕೊಡುವುದನ್ನು ಮರೆಯಬೇಡ.

ನಿನ್ನ,
ಅಡೀಲಾ


ಬಾಯ್ಸಿ
17 ಜೂನ್ 1986

ಅಡೀಲಾ,

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ನಾಯಿಗೆ ಮಾತ್ರೆ ಕೊಡುತ್ತಿದ್ದೇನೆ. ಅದು ಉಗುಳುತ್ತಿದೆ. ಟೊಮೇಟೊಗೆ ನೀರು ಬಿಟ್ಟಿದ್ದೇನೆ. ಪಂಪಿನ ಅಂಗಡಿಯಲ್ಲಿ ಕೆಲಸ ಹೆಚ್ಚು, ಇದು ನೀರು ಹಾಯಿಸುವ ಕಾಲ.

ನಿನ್ನ ಕಾಗದ ಮಧ್ಯಾಹ್ನ ಊಟಕ್ಕೆ ಬಂದಾಗ ಸಿಕ್ಕಿತು. ಓದಿ ಮತ್ತೆ ಕೆಲಸಕ್ಕೆ ಹೋಗಲಿಲ್ಲ.

ನಾನು ತಿಳಿದುಕೊಂಡಿದ್ದು ಬೇರೆ. ಮೊದಲ ಸಲ ನಿನ್ನನ್ನು ಡ್ರೈವ್-ಇನ್‌ಗೆ ಕರೆದುಕೊಂಡು ಹೋದಾಗ ನೀನು ಬಾಗಿಲಿಗೆ ಅಂಟಿಕೊಂಡು ಕೂತೆ. ಅಕ್ಕಪಕ್ಕದ ಕಾರುಗಳಲ್ಲಿ ಎಲ್ಲರೂ ಒತ್ತಾಗಿ ಕೂತಿದ್ದರು. ಇವಳಿಗೆ ನಾನು ಹಿಡಿಸಲಿಲ್ಲ ಎಂದುಕೊಂಡೆ. ಮುಂದಿನ ಶನಿವಾರ ಕರೆದರೆ ಬಂದೆ. ಮತ್ತೆ ಬಾಗಿಲಿಗೇ ಕೂತೆ. ಭಯದ ಸಿನಿಮಾಕ್ಕೆ ಹೋದರೆ ಹುಡುಗಿಯರು ಹತ್ತಿರ ಬರುತ್ತಾರೆಂದು ನನ್ನ ತಮ್ಮ ಹೇಳಿದ್ದ. ಅದಕ್ಕೇ ಅಂಥವಕ್ಕೇ ಕರೆದುಕೊಂಡು ಹೋಗುತ್ತಿದ್ದೆ. ನನಗೆ ಅವು ಇಷ್ಟವೆಂದು ಯಾರು ಹೇಳಿದರು? ನನಗೆ ಕುದುರೆ ಓಡಿಸುವ ಸಿನಿಮಾ ಇಷ್ಟ.

ಮದುವೆಗೆ ಒಪ್ಪಿದಾಗ, ಇವಳು ಒಳ್ಳೆಯ ಹೆಂಗಸು, ನನ್ನ ಮೇಲೆ ಅಷ್ಟು ಇಷ್ಟವಿಲ್ಲದಿದ್ದರೂ ಚೆನ್ನಾಗಿ ಬಾಳುತ್ತಾಳೆ ಎಂದುಕೊಂಡೆ. ಚೆನ್ನಾಗಿಯೇ ಬಾಳಿದೆವು. ನಾನು ದೂರು ಹೇಳುತ್ತಿಲ್ಲ. ಯಾಕೆಂದು ಕೇಳದೆ ಇದ್ದದ್ದು ದೊಡ್ಡತನದಿಂದಲ್ಲ. ಕೇಳಿದರೆ ನೀನು ನಿಜ ಹೇಳಿಬಿಡುತ್ತೀ ಎಂಬ ಭಯಕ್ಕೆ.

1979ರಲ್ಲಿ ಕಾರು ಕೊಳ್ಳುವಾಗ ಮುಂದೆ ಎರಡು ಬೇರೆ ಬೇರೆ ಸೀಟಿದ್ದ ಆ ಹಸಿರು ಕಾರನ್ನು ನಾನು ಬೇಡವೆಂದೆ. ಒಂದೇ ಉದ್ದನೆಯ ಸೀಟಿನ ಈ ಹಳೆಯದನ್ನೇ ಕೊಂಡೆ. ನೀನು ಒಂದು ವಾರ ಬೈದೆ. ಎಂಜಿನ್ ಗಟ್ಟಿ ಅಂತ ನಾನು ಏನೋ ಹೇಳಿದೆ. ಎಂಜಿನ್ನಿಗಲ್ಲ.

ಬಸ್ಸಿನ ಟಿಕೆಟ್ ವಾಪಸ್ಸು ಮಾಡು. ಮುಂದಿನ ವಾರ ಗುರುವಾರ ಬೆಳಿಗ್ಗೆ ಹೊರಡುತ್ತೇನೆ, ಶುಕ್ರವಾರ ಸಂಜೆಗೆ ಅಲ್ಲಿರುತ್ತೇನೆ. ನಾಯಿಯನ್ನು ನಿನ್ನ ಅಣ್ಣನ ಮನೆಯಲ್ಲಿ ಬಿಡುತ್ತೇನೆ. ಡ್ರೈವ್-ಇನ್‌ನಲ್ಲಿ ಏನು ಹಾಕಿದ್ದರೂ ಸರಿ. ಸ್ಲಾಮಾ ಅವರಿಗೂ ಮಿಲ್ಲಿಗೂ ಹೇಳು, ಬರುವುದಾದರೆ ಸಂತೋಷ. ಆದರೆ ಅವರು ಹಿಂದೆ ಕೂರಬೇಕು.

ಲಾಯ್ಡ್